ನರ್ಸಿಂಗ್ ವಿದ್ಯಾರ್ಥಿಗಳಿಗೆ ಆನ್‌ಲೈನ್ ಲೈಬ್ರರಿ ಕ್ಲಾಸ್ ಹೇಗೆ ತಗೊಳ್ಳೋದು?

ನರ್ಸಿಂಗ್ ಕಾಲೇಜಿಗೆ ಹೊಸದಾಗಿ ಲೈಬ್ರರಿಯನ್ ಆಗಿ ಸೇರಿದ್ದೇನೆ, ಆನ್‌ಲೈನ್ ಕ್ಲಾಸ್ ತಗೊಂಡರೆ ಎಲ್ಲರೂ ಕ್ಯಾಮೆರಾ ಆಫ್ ಮಾಡಿ ಕೂರುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನೂ ಅದೇ ಕೆಲಸದಲ್ಲಿದ್ದೇನೆ. ಒಬ್ಬರೇ ಕ್ಲಾಸ್ ತಗೋಬೇಡಿ. ಪಾಠ ಮಾಡುವ ಮೇಡಂ ಕೂಡ ಜೊತೆಗಿರಲಿ.

2020ರ ಲಾಕ್‌ಡೌನ್‌ನಲ್ಲಿ ನಾನು ಒಂದೂವರೆ ಗಂಟೆ ಕೂತು ವೈದ್ಯಕೀಯ ಪೇಪರ್‌ಗಳನ್ನು ಹುಡುಕುವ ಪಬ್‌ಮೆಡ್ ವೆಬ್‌ಸೈಟ್ ತೋರಿಸಿದ್ದೆ. ಒಂದು ಬಟನ್ನೂ ಬಿಟ್ಟಿರಲಿಲ್ಲ. ತಿಂಗಳಾದ ಮೇಲೆ ನೋಡಿದರೆ, ಗೂಗಲ್‌ನಲ್ಲಿ ಮೊದಲು ಸಿಕ್ಕಿದ್ದೇ ಅಸೈನ್‌ಮೆಂಟ್‌ಗೆ ಬಂದಿತ್ತು. ಮಕ್ಕಳ ತಪ್ಪಲ್ಲ. ನನ್ನ ಕ್ಲಾಸ್ ನಡೆದಾಗ ಅವರಿಗೆ ಹುಡುಕುವಂಥದ್ದು ಏನೂ ಇರಲಿಲ್ಲ ಅಲ್ವಾ?

ಮುಂದಿನ ಸಲ ಮೆಡಿಕಲ್ ಸರ್ಜಿಕಲ್ ನರ್ಸಿಂಗ್ ಮೇಡಂ ಹತ್ತಿರ ಹೋಗಿ, "ಅಸೈನ್‌ಮೆಂಟ್ ಕೊಡುವ ವಾರವೇ ನನಗೆ ನಲವತ್ತು ನಿಮಿಷ ಕೊಡಿ, ನೀವೂ ಇರಿ" ಅಂದೆ. ಅವರು ವಾರ್ಡಿನಿಂದಲೇ ಪ್ರಶ್ನೆ ತಂದರು. ಐಸಿಯುನಲ್ಲಿ ಮಲಗಿರುವ ರೋಗಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕಾ, ನಾಲ್ಕು ಗಂಟೆಗೊಮ್ಮೆ ಸಾಕಾ? ರೋಗಿ ಯಾರು, ಏನು ಮಾಡುತ್ತೇವೆ, ಯಾವುದಕ್ಕೆ ಹೋಲಿಸುತ್ತೇವೆ, ಏನು ನೋಡಬೇಕು ಅಂತ ಅದನ್ನು ನಾಲ್ಕು ಭಾಗ ಮಾಡಿದ್ದೂ ಅವರೇ. ಪ್ರಶ್ನೆಯನ್ನು ಹೀಗೆ ಒಡೆಯುವುದಕ್ಕೆ ಪೀಕೋ (PICO) ಅಂತಾರೆ.

ಹುಡುಕುವ ಪದಗಳು ನನ್ನ ಪಾಲಿಗೆ. ಒಂದೇ ಮಗ್ಗುಲಲ್ಲಿ ಮಲಗಿ ಆಗುವ ಹುಣ್ಣಿಗೆ ವಾರ್ಡಿನಲ್ಲಿ ಬೆಡ್‌ಸೋರ್ ಅಂತಾರೆ. ಹಳೆಯ ಪೇಪರ್‌ಗಳಲ್ಲಿ ಜಾಸ್ತಿ ಸಿಗೋದು ಪ್ರೆಶರ್ ಅಲ್ಸರ್. 2016ರಲ್ಲಿ ಅಮೆರಿಕದ ತಜ್ಞರ ಮಂಡಳಿ ಅದನ್ನು ಪ್ರೆಶರ್ ಇಂಜುರಿ ಅಂತ ಬದಲಿಸಿತು. ಒಂದೇ ಹುಣ್ಣಿಗೆ ಮೂರು ಹೆಸರು! ಯಾವ ಹೆಸರಿದ್ದರೂ ಸಿಗಲಿ ಅಂತ ಮೂರರ ನಡುವೆ 'ಆರ್' (OR) ಹಾಕಿ, ಆಮೇಲೆ ಇದೂ ಇರಲೇಬೇಕು ಅಂತ 'ಆ್ಯಂಡ್' (AND) ಕೊಟ್ಟು ರಿಪೊಸಿಷನಿಂಗ್, ಅಂದರೆ ಮಗ್ಗುಲು ಬದಲಿಸೋದು, ಅನ್ನೋ ಪದ ಸೇರಿಸಿದೆವು. ಆಗ ಒಬ್ಬ ಹುಡುಗಿ ಮೈಕ್ ಆನ್ ಮಾಡಿ, "ಈ ಪೇಪರ್‌ನ ರೋಗಿಗಳು ಏರ್‌ಬೆಡ್ ಮೇಲಿದ್ರಾ, ಮಾಮೂಲಿ ಹಾಸಿಗೆ ಮೇಲಾ?" ಅಂದಳು. ಅದು ಯಾಕೆ ಮುಖ್ಯ ಅಂತ ನನಗೆ ಗೊತ್ತಾಗಲಿಲ್ಲ. ಮೇಡಂ ಹತ್ತು ನಿಮಿಷ ವಿವರಿಸಿದರು. ಇಡೀ ಕ್ಲಾಸಿನಲ್ಲಿ ನನಗೆ ಬಹಳ ಖುಷಿ ಕೊಟ್ಟಿದ್ದು ಆ ಹತ್ತು ನಿಮಿಷ.

ಕ್ಲಾಸ್ ರೆಕಾರ್ಡ್ ಮಾಡಿದರೆ ಐದೈದು ನಿಮಿಷದ ತುಂಡು ಮಾಡಿ ಕಳಿಸಿ. ವಾರ್ಡ್ ಪೋಸ್ಟಿಂಗ್ ಮುಗಿಸಿ ಬಂದವರು ಫೋನಿನಲ್ಲೇ ನೋಡೋದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಾದರೆ ಅದರ ಆನ್‌ಲೈನ್ ಲೈಬ್ರರಿಯಾದ ಹೆಲಿನೆಟ್‌ನ ಲಾಗಿನ್ ಎಲ್ಲರ ಹತ್ತಿರ ಇದೆಯಾ ಅಂತ ಮೊದಲೇ ವಿಚಾರಿಸಿ. ಇನ್ನೊಂದು ಮಾತು. ಯಾವ ಪದ ಹಾಕಿ ಹುಡುಕಿದರು ಅನ್ನೋದನ್ನೂ ಅಸೈನ್‌ಮೆಂಟ್‌ನಲ್ಲಿ ಬರೆಸಿ, ಅದಕ್ಕೆ ಎರಡು ಅಂಕ ಇಡೋಕೆ ಮೇಡಂ ಅವರನ್ನು ಒಪ್ಪಿಸಿ. ನಮ್ಮಲ್ಲಿ ಅದಾದ ಮೇಲೆಯೇ ಮಕ್ಕಳು "ಸರ್, ಈ ಪದ ಸರಿನಾ?" ಅಂತ ರಾತ್ರಿ ಮೆಸೇಜ್ ಮಾಡೋಕೆ ಶುರು ಮಾಡಿದ್ದು.