ಆಟದ ಕಥೆ ಒಂದು ಹೇಳಿ, ಆಟದ ನಿಯಮ ಇನ್ನೊಂದು ಹೇಳಿದರೆ ಯಾವ ವಿವರಣೆ ಕೊಡಬೇಕು?

ಮಂತ್ರ ಹಾಕಿದಷ್ಟೂ ನಾಯಕಿಯ ಆಯುಷ್ಯ ಸವೆಯುತ್ತದೆ ಎನ್ನುತ್ತದೆ ನಿಮ್ಮ ಕಥೆ. ಆದರೆ ಕಾಳಗದಲ್ಲಿ ಆಟಗಾರರು ಅದೇ ಮಂತ್ರವನ್ನು ಮನಸೋ ಇಚ್ಛೆ ಬಳಸಬಹುದು. ಇವೆರಡಕ್ಕೂ ತಾಳೆಯಾಗುವಂತೆ ಗುರುವಿನ ಬಾಯಲ್ಲಿ ಯಾವ ವಿವರಣೆ ಹೇಳಿಸಬೇಕೆಂದು ಕೇಳಿದ್ದೀರಿ. ಯಾವುದನ್ನೂ ಹೇಳಿಸಬೇಡಿ. ನಾನು ಹೇಳಿಸಿ ಕೆಟ್ಟವನು.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ನಾವು ಮೂವರು ಗೆಳೆಯರು ನೌಕರಿಯ ಬಿಡುವಿನಲ್ಲಿ ಒಂದು ಪುಟ್ಟ ಆಟ ಕಟ್ಟಲು ಹೊರಟಿದ್ದೆವು. ಒಬ್ಬ ಕೋಡ್ ಬರೆಯುತ್ತಿದ್ದ, ಇನ್ನೊಬ್ಬಳು ಚಿತ್ರ ಬಿಡಿಸುತ್ತಿದ್ದಳು, ಕಥೆ ಮತ್ತು ಸಂಭಾಷಣೆ ನನ್ನ ಪಾಲಿಗೆ ಬಂದಿದ್ದವು. ಬಯಲುಸೀಮೆಯ ಒಂದು ಊರು, ಬಿಡದೆ ಕಾಡುವ ಬರ, ದೂರದ ಕಲ್ಯಾಣಿಯಲ್ಲಿ ಇನ್ನೂ ನೀರಿದೆಯೆಂಬ ಸುದ್ದಿ ಕೇಳಿ ತಾಮ್ರದ ಕೊಡ ಹೊತ್ತು ಹೊರಟ ಹುಡುಗಿ. ಕೊಡದ ನೀರನ್ನು ಅವಳು ಕುಡಿದು ದಣಿವಾರಿಸಿಕೊಳ್ಳಬಹುದಿತ್ತು, ಗಟ್ಟಿ ನೆಲಕ್ಕೆ ಸುರಿದು ದಾರಿ ಅಗೆಯಬಹುದಿತ್ತು, ಬಾಯಾರಿ ಅಡ್ಡ ನಿಂತ ದನಕ್ಕೆ ಕುಡಿಸಿ ಮುಂದೆ ಸಾಗಬಹುದಿತ್ತು. ಒಂದು ಹನಿಯೂ ವ್ಯರ್ಥವಾಗಬಾರದು ಎಂಬುದೇ ಕಥೆಯ ಜೀವಾಳವಾಗಿತ್ತು.

ಆಡಿ ನೋಡಿದವರೆಲ್ಲ ಅರ್ಧ ದಾರಿಯಲ್ಲೇ ಕೊಡ ಬರಿದು ಮಾಡಿಕೊಂಡು, ಹಿಂದಕ್ಕೂ ಹೋಗಲಾಗದೆ ಮುಂದಕ್ಕೂ ಹೋಗಲಾಗದೆ ಆಟ ಮುಚ್ಚುತ್ತಿದ್ದರು. ಅದಕ್ಕಾಗಿ ಕೋಡ್ ಬರೆಯುವ ಗೆಳೆಯ, ಆಟ ಸೇವ್ ಆಗುವ ಪ್ರತಿ ಅರಳಿಕಟ್ಟೆಯಲ್ಲೂ ಕೊಡ ತಾನಾಗಿ ತುಂಬುವಂತೆ ಮಾಡಿದ. ಆಟ ಸರಾಗವಾಯಿತು. ಆದರೆ ಮೂರು ಮನೆಯವರು ಒಂದು ಚೊಂಬು ನೀರನ್ನು ಹಂಚಿಕೊಂಡ ಕಥೆಯನ್ನು ಅಜ್ಜಿ ಹೇಳುತ್ತಿರುವಾಗಲೇ, ಆಡುತ್ತಿದ್ದ ಹುಡುಗನೊಬ್ಬ, 'ಅರಳಿಕಟ್ಟೆಯಲ್ಲೇ ಇಷ್ಟು ನೀರಿದೆಯಲ್ಲ, ಊರವರು ಅಲ್ಲಿಗೇ ಬರಬಾರದೇ?' ಎಂದು ಕೇಳಿದ.

ನಾನು ಎಡವಿದ್ದು ಇಲ್ಲಿಯೇ. ಇದನ್ನು ಸ್ವಲ್ಪ ಬಿಡಿಸಿ ಹೇಳದಿದ್ದರೆ ನೀವೂ ಇದೇ ಹಳ್ಳಕ್ಕೆ ಬೀಳುತ್ತೀರಿ. ಗೆಳೆಯ ಆ ದಿನವೇ ಒಂದು ಪರಿಹಾರ ಸೂಚಿಸಿದ್ದ: ಪರದೆಯ ಮೂಲೆಯಲ್ಲಿ ಊರಬಾವಿಯ ನೀರಿನ ಮಟ್ಟ ಕಾಣಿಸೋಣ, ಹುಡುಗಿ ಕಟ್ಟೆಯಲ್ಲಿ ಕೊಡ ತುಂಬಿಸಿಕೊಂಡಾಗಲೆಲ್ಲ ಆ ಮಟ್ಟ ಒಂದು ಗೆರೆ ಇಳಿಯಲಿ. ಬೆರಳೆಣಿಕೆಯ ಸಾಲುಗಳ ಕೋಡ್, ಅಷ್ಟೇ. ಆಗ ಆಟಗಾರರು ಎಲ್ಲಿಯೂ ಸಿಕ್ಕಿಹಾಕಿಕೊಳ್ಳುತ್ತಿರಲಿಲ್ಲ, ಆದರೆ ತುಂಬಿಸಿಕೊಳ್ಳುವ ಮುನ್ನ ಒಂದು ಕ್ಷಣ ಕೈ ತಡೆಯುತ್ತಿತ್ತು. ನಾನು ಪುಟಗಟ್ಟಲೆ ಬರೆದು ಹೇಳಲು ಹೊರಟಿದ್ದ ಬರ ಆ ಒಂದು ಗೆರೆಯಲ್ಲಿ ಇರುತ್ತಿತ್ತು. ನಾನು ಒಪ್ಪಲಿಲ್ಲ. ಕಥೆಯಲ್ಲಿ ಹುಟ್ಟಿದ ಪ್ರಶ್ನೆಗೆ ಕಥೆಯಲ್ಲೇ ಉತ್ತರ ಸಿಗಬೇಕು, ಅದು ನನ್ನ ಕೆಲಸ, ಪರದೆಯ ಮೇಲೆ ಗೆರೆ ಎಳೆದು ತೋರಿಸುವುದು ಕಥೆಗಾರನಿಗೆ ಮರ್ಯಾದೆಯಲ್ಲ ಎಂದು ವಾದಿಸಿದೆ. ಹುಡುಗ ಕೇಳಿದ್ದು ಕಥೆಯ ಬಗೆಗಲ್ಲ, ತನ್ನ ಕೈಯಾರೆ ಮಾಡಿದ ಕೆಲಸದ ಬಗ್ಗೆ ಎಂಬುದು ನನಗೆ ಹೊಳೆಯಲೇ ಇಲ್ಲ. ಕೊಡ ತುಂಬಿಸಿಕೊಂಡದ್ದು ಅವನು, ಅದಕ್ಕೆ ಏನನ್ನೂ ತೆರಲಿಲ್ಲವೆಂದು ಕಂಡುಕೊಂಡದ್ದೂ ಅವನೇ. ಪುಕ್ಕಟೆ ಎಂದು ಕೈಗೆ ಗೊತ್ತಾದ ವಸ್ತುವನ್ನು ಅಮೂಲ್ಯವೆಂದು ಕಿವಿಗೆ ಎಷ್ಟು ಹೇಳಿದರೂ ಯಾರೂ ನಂಬುವುದಿಲ್ಲ.

ಹಾಗಾಗಿ ನಾನು ವಿವರಣೆ ಬರೆದೆ. ಕೊಡಕ್ಕೆ ಗ್ರಾಮದೇವತೆಯ ವರವಿದೆ, ಕಟ್ಟೆಯ ನೀರು ಹೊತ್ತವಳಿಗೆ ಮಾತ್ರ ದಕ್ಕುತ್ತದೆ, ಬೇರೆಯವರ ತುಟಿಗೆ ತಾಗಿದರೆ ಆವಿಯಾಗುತ್ತದೆ ಎಂದು ಪೂಜಾರಿಯ ಬಾಯಲ್ಲಿ ಹೇಳಿಸಿದೆ. ಮುಂದಿನ ಘಟ್ಟದಲ್ಲೇ ಅವಳು ಕರುವಿಗೆ ನೀರು ಕುಡಿಸುತ್ತಿದ್ದಳು. ಮೂಕಪ್ರಾಣಿಗಳಿಗೆ ಆ ಕಟ್ಟಳೆ ಇಲ್ಲವೆಂದು ಇನ್ನೊಂದು ಮಾತು ಸೇರಿಸಿದೆ. ಹಾಗಾದರೆ ನೀರು ಸುರಿದ ಮಣ್ಣು ಮೆತ್ತಗಾಗುವುದು ಹೇಗೆ ಎಂಬ ಪ್ರಶ್ನೆ ಬಂತು; ಭೂಮಿತಾಯಿಯ ಬಗ್ಗೆ ಒಂದು ಲಾವಣಿಯನ್ನೇ ಬರೆದೆ. (ಲಾವಣಿ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ, ಆದರೆ ಅದು ಬೇರೆ ಮಾತು.) ಹಾಸ್ಯಾಸ್ಪದವಾದದ್ದು ಕೊನೆಯ ದೃಶ್ಯ. ಅಲ್ಲಿ ಹುಡುಗಿ ಉಳಿದ ನೀರನ್ನು ಜ್ವರದಲ್ಲಿ ಮಲಗಿದ ತಮ್ಮನಿಗೆ ಕೊಡಬೇಕೋ, ಊರಿನ ಬಿತ್ತನೆ ಸಸಿಗಳಿಗೆ ಎರೆಯಬೇಕೋ ಎಂದು ಆರಿಸಬೇಕಿತ್ತು. ಪೂಜಾರಿಯ ಮಾತಿನ ಪ್ರಕಾರ ತಮ್ಮನಿಗೆ ಕೊಟ್ಟ ನೀರು ಆವಿಯಾಗಬೇಕು. ಆಡಿದವರು ಅಳುವ ಬದಲು ನಕ್ಕರು.

ಇದು ಮಾಸ್ ಎಫೆಕ್ಟ್ ಎಂಬ ಬಾಹ್ಯಾಕಾಶ ಕಥೆಯ ಆಟಗಳ ಸರಣಿಯನ್ನು ಮೊದಲಿನಿಂದ ಕೊನೆಯವರೆಗೆ ಆಡಿದ್ದ ನನಗೆ ಹೊಸ ಪಾಠವಾಗಬೇಕಿರಲಿಲ್ಲ. 2007ರ ಮೊದಲ ಆಟದಲ್ಲಿ ಬಂದೂಕಿಗೆ ಗುಂಡು ಮುಗಿಯುವ ಚಿಂತೆಯೇ ಇಲ್ಲ: ಒಳಗಿರುವ ಲೋಹದ ಗಟ್ಟಿಯಿಂದ ಧೂಳಿನ ಕಣದಷ್ಟು ಚೂರನ್ನು ಕೆತ್ತಿ ಹಾರಿಸುತ್ತದೆ, ಆದ್ದರಿಂದ ಬಿಸಿಯೇರಿದರೆ ಆರುವವರೆಗೆ ಕಾಯಬೇಕು, ಅಷ್ಟೇ. ಕಥೆಯ ವಿಜ್ಞಾನಕ್ಕೂ ಆಟದ ನಿಯಮಕ್ಕೂ ಅಲ್ಲಿ ಸೊಗಸಾದ ಹೊಂದಾಣಿಕೆಯಿತ್ತು. 2010ರ ಎರಡನೆಯ ಆಟಕ್ಕೆ ನೆಲದಿಂದ ಗುಂಡು ಹೆಕ್ಕಿಕೊಳ್ಳುವ ಬಿರುಸಿನ ಕಾಳಗ ಬೇಕಾಯಿತು. ಅದನ್ನು ಸುಮ್ಮನೆ ಬದಲಿಸಿದ್ದರೆ ಒಂದಷ್ಟು ಗೊಣಗಾಟದಲ್ಲಿ ಮುಗಿಯುತ್ತಿತ್ತು. ಆದರೆ ವಿವರಣೆ ಬಂತು: ಹೆಚ್ಚು ವೇಗವಾಗಿ ಗುಂಡು ಹಾರಿಸಿದವರೇ ಗೆಲ್ಲುತ್ತಾರೆಂದು ಗೆತ್ ಎಂಬ ಯಂತ್ರಜೀವಿಗಳು ಕಂಡುಕೊಂಡವು, ಅದನ್ನು ನೋಡಿ ನಡುವಿನ 2 ವರ್ಷಗಳಲ್ಲಿ ಎಲ್ಲರೂ ಬಿಸಿ ಹೀರಿಕೊಳ್ಳುವ ಥರ್ಮಲ್ ಕ್ಲಿಪ್‌ಗಳಿಗೆ ಬದಲಾದರು, ಬಿಸಿಯಾದ ಕ್ಲಿಪ್ ಬಿಸಾಡಿ ಹೊಸದನ್ನು ತುರುಕಿದರಾಯಿತು.

ಈ ವಿವರಣೆ ಹುಟ್ಟಿಸಿದ ಪ್ರಶ್ನೆಗಳನ್ನು ನೋಡಿ. ಕ್ಲಿಪ್ ಮುಗಿದಾಗ ಹಳೆಯ ಬಂದೂಕಿನಂತೆ ಇದು ತಾನಾಗಿ ಏಕೆ ಆರುವುದಿಲ್ಲ? ಯಾವ ಕ್ಲಿಪ್ ಆದರೂ ಯಾವ ಬಂದೂಕಿಗಾದರೂ ಹೊಂದುತ್ತದೆ ಎಂದ ಮೇಲೆ ಒಂದೊಂದು ಬಂದೂಕಿಗೆ ಬೇರೆ ಬೇರೆ ಲೆಕ್ಕವೇಕೆ? ಆ 2 ವರ್ಷ ಸತ್ತೇ ಬಿದ್ದಿದ್ದ ನಾಯಕ ಶೆಪರ್ಡ್, ಜೀವ ಬಂದು ಮೇಜಿನಿಂದ ಎದ್ದ ಕೂಡಲೇ ಪಿಸ್ತೂಲು ಹಿಡಿದು, ಇದರಲ್ಲಿ ಥರ್ಮಲ್ ಕ್ಲಿಪ್ ಇಲ್ಲವಲ್ಲ ಎನ್ನುವುದು ಹೇಗೆ? 10 ವರ್ಷಗಳ ಹಿಂದೆ ಏಯಾ ಎಂಬ ಗ್ರಹದಲ್ಲಿ ಅಪ್ಪಳಿಸಿ ಹೊರಜಗತ್ತಿನ ಸಂಪರ್ಕವನ್ನೇ ಕಳೆದುಕೊಂಡ ಹ್ಯೂಗೋ ಗರ್ನ್ಸ್‌ಬ್ಯಾಕ್ ಹಡಗಿನವರ ನಡುವೆಯೂ ಇದೇ ಕ್ಲಿಪ್‌ಗಳು ಸಿಗುವುದು ಹೇಗೆ? ನಿಯಮ ಬದಲಾದದ್ದಷ್ಟೇ ಆಗಿದ್ದರೆ ಈ ಪ್ರಶ್ನೆಗಳಲ್ಲಿ ಹೆಚ್ಚಿನವು ಹುಟ್ಟುತ್ತಲೇ ಇರಲಿಲ್ಲ. ಸುಳ್ಳು ಸಾಕ್ಷಿ ಹೇಳಿದವನಂತೆ, ವಿವರಣೆ ಕೊಟ್ಟ ಆಟ ಮುಂದೆ ಪ್ರತಿ ಸವಾಲಿಗೂ ಅದೇ ಮಾತನ್ನು ಸಮರ್ಥಿಸಿಕೊಳ್ಳುತ್ತ ಹೋಗಬೇಕಾಗುತ್ತದೆ.

ಇದಕ್ಕೆ ಎದುರಾಗಿ 1997ರ ಫೈನಲ್ ಫ್ಯಾಂಟಸಿ 7 ಎಂಬ ಆಟವನ್ನು ಇಟ್ಟು ನೋಡಿ. ಕಾಳಗದಲ್ಲಿ ಬಿದ್ದವರನ್ನು ಫೀನಿಕ್ಸ್ ಡೌನ್ ಎಂಬ ವಸ್ತುವಿನಿಂದ ಎಬ್ಬಿಸಬಹುದಾದಾಗ, ಖಳನಾಯಕ ಸೆಫಿರಾತ್‌ನ ಕತ್ತಿಗೆ ಬಲಿಯಾದ ಏರಿತ್‌ಳನ್ನು ಏಕೆ ಎಬ್ಬಿಸಬಾರದು ಎಂಬುದು ಇಂದಿಗೂ ತಮಾಷೆಯಾಗಿ ಓಡಾಡುವ ಪ್ರಶ್ನೆ. ಆಟ ಅದಕ್ಕೆ ತುಟಿ ಬಿಚ್ಚುವುದಿಲ್ಲ. ಅದರ ಬದಲು, ಗಾಯ ಮಾಯಿಸುತ್ತಿದ್ದವಳನ್ನು ನಿಮ್ಮ ತಂಡದಿಂದ ಕಿತ್ತುಕೊಳ್ಳುತ್ತದೆ. ನೀವು ಆಕೆಯ ಮೇಲೆ ಸುರಿದ ಶ್ರಮವೆಲ್ಲ ಹೋಗುತ್ತದೆ, ಮುಂದಿನ ಕಾಳಗದಲ್ಲಿ ಅವಳ ಜಾಗದಲ್ಲಿ ಬೇರೆ ಯಾರನ್ನೋ ನಿಲ್ಲಿಸಬೇಕಾಗುತ್ತದೆ. ತಮಾಷೆ ಮಾಡುವವರೂ ಆ ನಷ್ಟವನ್ನು ಮರೆತಿಲ್ಲ.

ಆಟದ ಅಂಕಿಗಳೇ ಕಥೆಯ ಮಾತನ್ನು ಸುಳ್ಳಾಗಿಸುವುದಕ್ಕೆ ಬಯೋಶಾಕ್ ಎಂಬ ಆಟದ ಹೆಸರನ್ನೂ ಎತ್ತಬೇಕು. ಕಥೆಗೂ ನಿಯಮಕ್ಕೂ ನಡುವಿನ ಈ ಜಗಳಕ್ಕೆ ಲ್ಯೂಡೊನರೇಟಿವ್ ಡಿಸೊನೆನ್ಸ್ ಎಂಬ ಹೆಸರನ್ನು ಆಟ ವಿನ್ಯಾಸಕ ಕ್ಲಿಂಟ್ ಹಾಕಿಂಗ್ 2007ರಲ್ಲಿ ಕೊಟ್ಟದ್ದು ಆ ಆಟವನ್ನು ವಿಮರ್ಶಿಸುತ್ತಲೇ. ಅವರ ತಕರಾರು ಬೇರೆ. ನನ್ನದು ಇನ್ನೂ ಸಣ್ಣದು. ಆ ಆಟದಲ್ಲಿ ಎದುರಾಗುವ ಪುಟ್ಟ ಹುಡುಗಿಯರನ್ನು ಬಲಿಕೊಟ್ಟರೆ, ಹೊಸ ಶಕ್ತಿಗಳನ್ನು ಕೊಳ್ಳಲು ಬೇಕಾದ ಆಡಮ್ ಎಂಬ ವಸ್ತು ತಲಾ 160 ಸಿಗುತ್ತದೆ, ಉಳಿಸಿದರೆ 80 ಮಾತ್ರ. ಕೇಳಲು ಘೋರವಾದ ಧರ್ಮಸಂಕಟ. ಆದರೆ ಪ್ರತಿ 3 ಮಂದಿಯನ್ನು ಉಳಿಸಿದಾಗ 200 ಆಡಮ್‌ನ ಉಡುಗೊರೆ ಬರುತ್ತದೆ. ಒಂದು ಕಡೆ 480, ಇನ್ನೊಂದು ಕಡೆ 440. ಒಳ್ಳೆಯತನಕ್ಕೆ ತೆರಬೇಕಾದದ್ದು ಇಷ್ಟೇ ಎಂದು ತಿಳಿದ ಮೇಲೆ ಆ ಸಂಕಟವನ್ನು ಯಾವ ಸಂಭಾಷಣೆಯೂ ಉಳಿಸಿಕೊಡಲಾರದು.

ನಮ್ಮ ಆಟದ ಗತಿಯನ್ನು ಬೇಗ ಹೇಳಿ ಮುಗಿಸುತ್ತೇನೆ. ಪೂಜಾರಿಯ ಮಾತುಗಳಿಗೆ ರಂಗಭೂಮಿಯ ಕಲಾವಿದರೊಬ್ಬರಿಂದ ಧ್ವನಿ ಕೊಡಿಸಿದ್ದೆವು, ಇದ್ದ ಹಣದ ಬಹುಪಾಲು ಅಲ್ಲಿಯೇ ಕರಗಿತು. ಪ್ರಕಾಶನಕ್ಕೆ ಆಸಕ್ತಿ ತೋರಿದ್ದ ಒಂದು ಸಂಸ್ಥೆಯವರು ಮಾದರಿಯನ್ನು ಆಡಿ, ಬರ ಎಲ್ಲಿಯೂ ಅನುಭವಕ್ಕೆ ಬರಲಿಲ್ಲವೆಂದು ಎರಡು ಸಾಲಿನಲ್ಲಿ ಬರೆದು ಕಳುಹಿಸಿದರು. ಆ ಹೊತ್ತಿಗೆ ಬಾವಿಯ ಗೆರೆಯನ್ನು ಸೇರಿಸುವುದೂ ಸುಲಭವಾಗಿರಲಿಲ್ಲ, ಏಕೆಂದರೆ ವರದ ಕಥೆಯ ಮೇಲೆ ಅರ್ಧ ಆಟ ನಿಂತಿತ್ತು. ಅದನ್ನು ಕಿತ್ತರೆ ಧ್ವನಿ, ಲಾವಣಿ, ಕೊನೆಯ ದೃಶ್ಯ ಎಲ್ಲವೂ ಹೋಗಬೇಕಿತ್ತು. ಕೋಡ್ ಬರೆಯುವ ಗೆಳೆಯ ಬೇರೆ ಕೆಲಸ ನೋಡಿಕೊಂಡ. ಅವನು ಜಗಳವಾಡಲಿಲ್ಲ, ಆಡಿದ್ದರೆ ಚೆನ್ನಾಗಿತ್ತು.

ಈಗ ನಿಮ್ಮ ಆಟ. ಗುರುವಿಗೆ ಬರೆದಿರುವ ಮಾತನ್ನು ಈಗಲೇ ಅಳಿಸಿ. ಮಂತ್ರ ಆಯುಷ್ಯವನ್ನು ತಿನ್ನುವುದು ನಿಜವಾದರೆ, ಪ್ರತಿ ಮಂತ್ರಕ್ಕೂ ನಾಯಕಿಯ ಪ್ರಾಣ ಎಷ್ಟು ಉಳಿದಿದೆಯೆಂದು ಪರದೆಯಲ್ಲಿ ತೋರಿಸುವ ಜೀವಪಟ್ಟಿಯ ಉದ್ದ ಒಂದು ಕೂದಲೆಳೆಯಷ್ಟು ಶಾಶ್ವತವಾಗಿ ಕುಗ್ಗಲಿ, ಯಾವ ಮದ್ದಿನಿಂದಲೂ ಅದು ಮರಳಿ ಬೆಳೆಯದಿರಲಿ. ಮಂತ್ರವಿಲ್ಲದೆ ಗೆಲ್ಲುವ ದಾರಿಯೂ ಕಷ್ಟದ್ದಾದರೂ ತೆರೆದಿರಲಿ. ಇದರಿಂದ ಹೊಸಬರಿಗೆ ಕಾಳಗ ತೀರಾ ಕಠಿಣವಾಗುತ್ತದೆ ಎನ್ನುವುದಾದರೆ ಆಯುಷ್ಯದ ಮಾತನ್ನೇ ಕಥೆಯಿಂದ ತೆಗೆಯಿರಿ, ಅದರಲ್ಲಿ ಅವಮಾನವೇನೂ ಇಲ್ಲ. ಮಂತ್ರ ನೆನಪನ್ನು ತಿನ್ನುತ್ತದೆ ಎಂದಿಟ್ಟುಕೊಳ್ಳಿ, ಒಂದೊಂದು ಸಲ ಹಾಕಿದಾಗಲೂ ನಕಾಶೆಯಿಂದ ಒಂದು ಊರಿನ ಹೆಸರು ಮಾಯವಾಗಲಿ. ಕಾಳಗಕ್ಕೆ ಧಕ್ಕೆಯಿಲ್ಲ, ನಷ್ಟವಂತೂ ಕಣ್ಣೆದುರಿಗೇ ಇರುತ್ತದೆ. ಆಮೇಲೆ ಸಂಭಾಷಣೆಗಳನ್ನೆಲ್ಲ ಮುಚ್ಚಿ, ಕಥೆ ಗೊತ್ತಿಲ್ಲದ ಯಾರ ಕೈಗಾದರೂ ಆಟ ಕೊಡಿ. ಮಂತ್ರದ ಗುಂಡಿ ಒತ್ತುವ ಮೊದಲು ಅವರು ತಡವರಿಸಿದರೆ ಗುರುವಿಗೆ ಹೇಳಲು ಏನೂ ಉಳಿದಿರುವುದಿಲ್ಲ. ತಡವರಿಸದಿದ್ದರೆ ಅಂಕಿಗಳನ್ನು ಇನ್ನೊಮ್ಮೆ ತಿದ್ದಿ.