ಫ್ಲೋಟ್ ಇದ್ದರೂ ದಶಾಂಶ ಎಲ್ಲಿ ಹೋಯಿತು?

ಪ್ರಶ್ನೆ: 7 ಚೀಲ ಮೆಣಸಿನಕಾಯಿ, ಒಟ್ಟು 305 ಕಿಲೊ. ಸರಾಸರಿ ತೆಗೆಯಲು ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ 43.00 ತೋರಿಸುತ್ತಿದೆ. ಉತ್ತರದ ವೇರಿಯಬಲ್ ಫ್ಲೋಟ್ (ದಶಾಂಶ ಸಂಖ್ಯೆ ಹಿಡಿಯುವ ಬಗೆ) ಆಗಿಯೇ ಇದೆಯಲ್ಲ?
– ಓದುಗರು, ಬ್ಯಾಡಗಿ

ಉತ್ತರ: ಇದೆ, ಆದರೆ ಅದರ ಸರದಿ ಬರುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಒಟ್ಟು, ಚೀಲ ಎರಡೂ ಇಂಟ್, ಅಂದರೆ ಪೂರ್ಣಾಂಕ. ಇಂಟನ್ನು ಇಂಟ್‌ನಿಂದ ಭಾಗಿಸಿದರೆ ಸಿ ದಶಾಂಶವನ್ನು ಕತ್ತರಿಸಿಬಿಡುತ್ತದೆ. 43.57 ಅನ್ನು 44ಕ್ಕೆ ಏರಿಸುವುದೂ ಇಲ್ಲ. ಭಾಗಿಸುವ ಮೊದಲೇ ಒಂದನ್ನು ಫ್ಲೋಟ್‌ಗೆ ಬದಲಿಸಿ: (ಫ್ಲೋಟ್)ಒಟ್ಟು / ಚೀಲ. ಆವರಣ ತಪ್ಪಿ (ಫ್ಲೋಟ್)(ಒಟ್ಟು / ಚೀಲ) ಎಂದಿರೋ, ಮತ್ತೆ ಅದೇ 43!

ಉತ್ತರ ಮುದ್ರಿಸುವ ಪ್ರಿಂಟ್‌ಎಫ್‌ನಲ್ಲಿ ‘%.2ಎಫ್’ ಹಾಕಿದರೆ 43.57 ಬರುತ್ತದೆ, ಬರೀ ‘%ಎಫ್’ ಆದರೆ ಚುಕ್ಕಿಯ ನಂತರ 6 ಅಂಕಿ. ‘%8.2ಎಫ್’ ಎಂದರೆ ಅಂಕಿ 8 ಜಾಗದಲ್ಲಿ ಬಲಕ್ಕೆ ಸರಿದು ಕೂರುತ್ತದೆ, ತೂಕದ ಪಟ್ಟಿಗೆ ಅನುಕೂಲ. ಫ್ಲೋಟ್‌ಗೆ ಇಂಟ್‌ಗಿರುವ ‘%ಡಿ’ ಮಾತ್ರ ಹಾಕಬೇಡಿ. ಅದು ಪರಿವರ್ತನೆ ಮಾಡುವುದಿಲ್ಲ, ಏನೋ ಒಂದು ಅಸಂಬದ್ಧ ಸಂಖ್ಯೆ ಮುದ್ರಿಸೀತು.