ಶೆರಿಫ್ ಅರ್ಪೈಯೊ ಮಾಡಿದ್ದರಲ್ಲಿ ತಪ್ಪೇನು? ವೀಸಾ ಇರುವ ನಮಗೆ ಅದರಿಂದ ಏನಾಗಬೇಕು?

ನೀವು ಎರಡು ವಿಷಯ ಕೇಳಿದ್ದೀರಿ. ಅಕ್ರಮವಾಗಿ ನುಸುಳಿದವರನ್ನು ಹಿಡಿದು, ಟಿವಿಯಲ್ಲಿ ತೋರಿಸಿ, ಉಳಿದವರಿಗೂ ಭಯ ಹುಟ್ಟಿಸಿದ ಅರಿಜೋನಾದ ಶೆರಿಫ್ ಜೋ ಅರ್ಪೈಯೊ ಸರಿಯಾದದ್ದನ್ನೇ ಮಾಡಲಿಲ್ಲವೇ ಎಂಬುದು ಒಂದು. ಮುಂದಿನ ತಿಂಗಳು ಕಂಪನಿ ವೀಸಾದ ಮೇಲೆ ಫೀನಿಕ್ಸ್‌ಗೆ ಬರುವ, ಕಾಗದಪತ್ರವೆಲ್ಲ ಸರಿಯಿರುವ ನಿಮ್ಮಂಥವರಿಗೆ ಇದರಿಂದ ಏನು ತೊಂದರೆ ಎಂಬುದು ಇನ್ನೊಂದು. ನಾನು ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ ಅವರ ಅಧಿಕಾರದ ಕಾಲದಿಂದಲೂ ಇದ್ದೇನೆ, ಆಗ ಬಂದಾಗ ನನ್ನ ಕೈಯಲ್ಲಿದ್ದದ್ದೂ ಕಂಪನಿ ವೀಸಾವೇ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಶೆರಿಫ್ ಎಂದರೆ ಯಾರು ಎಂಬುದು ತಿಳಿದಿರಬೇಕು. ನಮ್ಮೂರಿನ ಎಸ್‌ಪಿ ಸರ್ಕಾರ ನೇಮಿಸಿದ ಅಧಿಕಾರಿ, ಸರ್ಕಾರಕ್ಕೆ ಬೇಡವಾದರೆ ರಾತ್ರೋರಾತ್ರಿ ವರ್ಗವಾಗುತ್ತಾರೆ. ಇಲ್ಲಿ ಶೆರಿಫ್‌ರನ್ನು ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಭಾಗದ, ಜನ ನಾಲ್ಕು ವರ್ಷಕ್ಕೊಮ್ಮೆ ಓಟು ಹಾಕಿ ಆರಿಸುತ್ತಾರೆ. ಜೈಲು, ಗಸ್ತು, ಬಂದೂಕು ಎಲ್ಲ ಅವರ ಕೈಯಲ್ಲಿ. ಜನಪ್ರಿಯತೆ ಇರುವಷ್ಟು ದಿನ ಅವರನ್ನು ಕದಲಿಸುವುದು ಯಾರಿಗೂ ಸುಲಭವಲ್ಲ. ಫೀನಿಕ್ಸ್ ಇರುವ ಮಾರಿಕೋಪಾ ಕೌಂಟಿಯಲ್ಲಿ 2005ರ ಹೊತ್ತಿಗೇ 35 ಲಕ್ಷಕ್ಕಿಂತ ಹೆಚ್ಚು ಜನ ಇದ್ದರು. ಮಾದಕವಸ್ತು ನಿಗ್ರಹ ದಳದಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ ಅರ್ಪೈಯೊ 1992ರಲ್ಲಿ ಅಲ್ಲಿ ಗೆದ್ದರು. ಸತತ ಆರು ಅವಧಿ, ಅಂದರೆ 24 ವರ್ಷ ಆ ಕುರ್ಚಿಯಲ್ಲಿದ್ದರು.

ಪ್ರಚಾರದ ಬಲ ಅವರಿಗೆ ಮೊದಲ ವರ್ಷವೇ ಗೊತ್ತಾಗಿತ್ತು. 1993ರಲ್ಲಿ ಸೇನೆಯ ಹಳೆಯ ಡೇರೆಗಳನ್ನು ಹಾಕಿಸಿ 'ಟೆಂಟ್ ಸಿಟಿ' ಎಂಬ ಬಯಲು ಜೈಲು ತೆರೆದರು. ಫೀನಿಕ್ಸ್‌ನ ಬೇಸಿಗೆ 45 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಡೇರೆಯೊಳಗೆ ಇನ್ನೂ ಹೆಚ್ಚು. ಕೈದಿಗಳಿಗೆ ಗುಲಾಬಿ ಬಣ್ಣದ ಒಳಉಡುಪು, ಕಾಲಿಗೆ ಸರಪಳಿ ಹಾಕಿ ರಸ್ತೆ ಬದಿಯಲ್ಲಿ ಕೆಲಸ, ದಿನಕ್ಕೆ ಎರಡೇ ಊಟ. ಬಂಧಿತರನ್ನು ಕೂರಿಸುವ ಜಾಗದಲ್ಲಿ ಕ್ಯಾಮೆರಾ ಇಟ್ಟು ಇಂಟರ್‌ನೆಟ್‌ನಲ್ಲಿ ನೇರ ಪ್ರಸಾರ ಕೂಡ ಮಾಡಿದರು. ಹಾಗೆ ಕ್ಯಾಮೆರಾದಲ್ಲಿ ಕಂಡವರು ಇನ್ನೂ ವಿಚಾರಣೆಯನ್ನೇ ಎದುರಿಸದವರು. 'ಅಮೆರಿಕದ ಅತಿ ಕಠಿಣ ಶೆರಿಫ್' ಎಂಬ ಬಿರುದು ಹೀಗೆ ಬಂತು.

ವಲಸೆಯ ವಿಷಯ ಅವರ ಕೈಗೆ ಬಂದದ್ದು ತಡವಾಗಿ, 2005ರ ಹೊತ್ತಿಗೆ. ಅರಿಜೋನಾದ ಜನರ ಸಿಟ್ಟಿಗೆ ಆಗ ನಿಜವಾದ ಕಾರಣಗಳಿದ್ದವು. ಗಡಿ ದಾಟಿಸುವ ಕಳ್ಳಸಾಗಣೆ ಜಾಲಗಳು ಫೀನಿಕ್ಸ್‌ನ ಬಾಡಿಗೆ ಮನೆಗಳಲ್ಲಿ ಹತ್ತಾರು ಜನರನ್ನು ಕೂಡಿಹಾಕಿ ಅವರ ಮನೆಯವರಿಂದ ಹಣ ಸುಲಿಯುತ್ತಿದ್ದವು. ವಾಷಿಂಗ್ಟನ್ ಸುಮ್ಮನೆ ಕೂತಿದೆ ಎಂಬ ದೂರು ಸುಳ್ಳಾಗಿರಲಿಲ್ಲ. ಅದಕ್ಕೇ ಅರ್ಪೈಯೊಗೆ ಓಟು ಹಾಕಿದವರನ್ನೆಲ್ಲ ಜನಾಂಗದ್ವೇಷಿಗಳೆಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ನನ್ನ ತಕರಾರು ಆ ಸಿಟ್ಟನ್ನು ಅವರು ಯಾವುದಕ್ಕೆ ಬಳಸಿದರು ಎಂಬುದರ ಬಗ್ಗೆ.

ಅಮೆರಿಕದಲ್ಲಿ ವಲಸೆ ಕಾನೂನು ಕೇಂದ್ರದ ವಿಷಯ. ಗಡಿಯನ್ನು ಕದ್ದು ದಾಟುವುದು ಅಪರಾಧ. ಆದರೆ ವೀಸಾ ಮುಗಿದ ಮೇಲೂ ಉಳಿದಿರುವುದು, ಕಾಗದವಿಲ್ಲದೆ ಇಲ್ಲಿ ವಾಸಿಸುವುದು ತಾನಾಗಿಯೇ ಅಪರಾಧವಲ್ಲ, ಅದು ಸಿವಿಲ್ ಉಲ್ಲಂಘನೆ. ಅಷ್ಟಕ್ಕೇ ಸ್ಥಳೀಯ ಪೊಲೀಸರು ಯಾರನ್ನೂ ಹಿಡಿದಿಡುವಂತಿಲ್ಲ. ಸ್ಥಳೀಯ ಪೊಲೀಸರಿಗೆ ತರಬೇತಿ ಕೊಟ್ಟು ಈ ಅಧಿಕಾರ ಹಂಚುವ ಒಂದು ಒಪ್ಪಂದವಿದೆ, ಅದನ್ನು 287(ಜಿ) ಎನ್ನುತ್ತಾರೆ. 2007ರಲ್ಲಿ ಅರ್ಪೈಯೊ ಅದಕ್ಕೆ ಸಹಿ ಹಾಕಿ ಸುಮಾರು 160 ಮಂದಿಗೆ ತರಬೇತಿ ಕೊಡಿಸಿದರು. ದೇಶದಲ್ಲೇ ಅಷ್ಟು ದೊಡ್ಡ ಪಡೆ ಇನ್ನೆಲ್ಲೂ ಇರಲಿಲ್ಲ.

ಆಮೇಲೆ ಶುರುವಾಯಿತು ಗಸ್ತು. ಒಂದು ಬಡಾವಣೆಯನ್ನು ಆರಿಸಿ, ಡೆಪ್ಯುಟಿಗಳೆಂಬ ತಮ್ಮ ಪೊಲೀಸರನ್ನೂ ಸ್ವಯಂಸೇವಕರ ಪಡೆಯನ್ನೂ ತುಂಬಿಸಿ, ಪತ್ರಿಕೆಯವರಿಗೆ ಪ್ರೆಸ್ ನೋಟ್ ಕೊಟ್ಟು, ಟಿವಿ ವ್ಯಾನುಗಳ ಮುಂದೆ ನಿಂತು ಆರಂಭಿಸುತ್ತಿದ್ದರು. ಗಾಜಿನಲ್ಲಿ ಬಿರುಕು, ಉರಿಯದ ಹಿಂದಿನ ದೀಪ, ಸಿಗ್ನಲ್ ಹಾಕದೆ ತಿರುಗಿದ್ದು, ಇಂಥವೇ ಕಾರು ನಿಲ್ಲಿಸಲು ನೆಪ. 2008ರ ಏಪ್ರಿಲ್‌ನಲ್ಲಿ ಗ್ವಾಡಲೂಪೆ ಎಂಬ ಪುಟ್ಟ ಊರಿಗೆ ನುಗ್ಗಿದರು. ಅಲ್ಲಿರುವವರು ಹೆಚ್ಚಾಗಿ ತಲೆಮಾರುಗಳಿಂದ ನೆಲೆಸಿದ ಯಾಕಿ ಬುಡಕಟ್ಟಿನವರು ಮತ್ತು ಮೆಕ್ಸಿಕನ್ ಮೂಲದ ಅಮೆರಿಕನ್ನರು. ಊರಿನ ಮೇಯರ್ ರೆಬೆಕಾ ಹಿಮೆನೆಸ್ ಕ್ಯಾಮೆರಾಗಳ ಎದುರೇ ಶೆರಿಫ್ ಜೊತೆ ವಾದಕ್ಕೆ ನಿಂತರು. ಅದೇ ತಿಂಗಳು ಫೀನಿಕ್ಸ್ ಮೇಯರ್ ಫಿಲ್ ಗಾರ್ಡನ್ ಈ ಗಸ್ತುಗಳ ಬಗ್ಗೆ ತನಿಖೆಯಾಗಬೇಕೆಂದು ಕೇಂದ್ರಕ್ಕೆ ಪತ್ರ ಬರೆದರು. ಅಕ್ಟೋಬರ್‌ನಲ್ಲಿ ಅರ್ಪೈಯೊ ಪಡೆ ನಡುರಾತ್ರಿ ಮೆಸಾ ನಗರದ ಪುರಸಭೆ ಕಟ್ಟಡ ಮತ್ತು ಗ್ರಂಥಾಲಯಕ್ಕೆ ಹೋಯಿತು. ಹಿಡಿಯಲು ಹೋದದ್ದು ರಾತ್ರಿ ಪಾಳಿಯಲ್ಲಿ ನೆಲ ಒರೆಸುತ್ತಿದ್ದ ಕೆಲಸಗಾರರನ್ನು.

2009ರ ಫೆಬ್ರುವರಿಯ ದೃಶ್ಯವನ್ನು ನೀವೂ ನೋಡಿರಬಹುದು. ಇನ್ನೂರಕ್ಕೂ ಹೆಚ್ಚು ವಲಸಿಗ ಕೈದಿಗಳಿಗೆ ಪಟ್ಟೆ ಬಟ್ಟೆ ತೊಡಿಸಿ, ಸರಪಳಿ ಬಿಗಿದು, ಒಂದು ಜೈಲಿನಿಂದ ಟೆಂಟ್ ಸಿಟಿಗೆ ಮಾಧ್ಯಮದವರ ಮುಂದೆ ನಡೆಸಿಕೊಂಡು ಹೋದರು. ಬಸ್ಸಿನಲ್ಲಿ ಸಾಗಿಸಬಹುದಿತ್ತು. ಆ ನಡಿಗೆಯಿಂದ ಒಬ್ಬ ಅಪರಾಧಿಯೂ ಹೆಚ್ಚಿಗೆ ಸಿಕ್ಕಲಿಲ್ಲ. 2025ರ ಫೆಬ್ರುವರಿಯಲ್ಲಿ 104 ಭಾರತೀಯರನ್ನು ಸೇನಾ ವಿಮಾನದಲ್ಲಿ ಅಮೃತಸರಕ್ಕೆ ಕಳಿಸಿ, ಕೋಳ ಹಾಕಿದ ಅವರ ವಿಡಿಯೊವನ್ನು ಇಲ್ಲಿನ ಗಡಿ ಪಡೆಯ ಮುಖ್ಯಸ್ಥರೇ ಹಂಚಿಕೊಂಡಾಗ ನನಗೆ ನೆನಪಾದದ್ದು ಈ ಮೆರವಣಿಗೆಯೇ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಪೊಲೀಸರ ಸಮಯ, ಹಣ, ಆಳು ಎಲ್ಲಕ್ಕೂ ಮಿತಿ ಇದೆ. ಟಿವಿಯಲ್ಲಿ ಚೆನ್ನಾಗಿ ಕಾಣುವ ಕೆಲಸಕ್ಕೆ ಅವನ್ನು ಸುರಿದರೆ ಕಾಣದ ಕೆಲಸ ಸೊರಗುತ್ತದೆ. ಈಸ್ಟ್ ವ್ಯಾಲಿ ಟ್ರಿಬ್ಯೂನ್ ಎಂಬ ಸ್ಥಳೀಯ ಪತ್ರಿಕೆ 2008ರಲ್ಲಿ ಇದನ್ನೇ ದಾಖಲೆ ಸಮೇತ ತೋರಿಸಿತು. ವಲಸೆ ಕಾರ್ಯಾಚರಣೆ ಆರಂಭವಾದ ಮೂರೇ ತಿಂಗಳಲ್ಲಿ ಓವರ್‌ಟೈಮ್ ಖರ್ಚಿನಿಂದ 13 ಲಕ್ಷ ಡಾಲರ್ ಕೊರತೆ ಬಿದ್ದಿತ್ತು, ತುರ್ತು ಕರೆಗಳಿಗೆ ಪೊಲೀಸರು ತಡವಾಗಿ ಬರುತ್ತಿದ್ದರು. ಆ ವರದಿಗೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು.

ಎಲ್ ಮಿರಾಜ್ ಎಂಬ ಊರಿನ ಕಥೆ ಓದಿದ ದಿನ ನನಗೆ ಊಟ ಸೇರಲಿಲ್ಲ. ಆ ಊರು ತನ್ನ ಪೊಲೀಸ್ ಕೆಲಸವನ್ನು ಕೆಲವು ವರ್ಷ ಶೆರಿಫ್ ಕಚೇರಿಗೆ ಗುತ್ತಿಗೆ ಕೊಟ್ಟಿತ್ತು. 2007ರಲ್ಲಿ ಸ್ವಂತ ಪೊಲೀಸರು ಮತ್ತೆ ಅಧಿಕಾರ ವಹಿಸಿಕೊಂಡು ಕಡತ ತೆರೆದಾಗ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕನಿಷ್ಠ 32 ದೂರುಗಳು ತನಿಖೆಯಾಗದೆ ಬಿದ್ದಿದ್ದವು. ಆರು ಪ್ರಕರಣ ಬಿಟ್ಟರೆ ಉಳಿದೆಲ್ಲದರಲ್ಲೂ ಆರೋಪಿ ಯಾರೆಂದು ಗೊತ್ತಿತ್ತು. ನೊಂದ ಮಕ್ಕಳಲ್ಲಿ ಎರಡು ವರ್ಷದ ಕೂಸೂ ಇತ್ತು. ಅನೇಕರು ಕಾಗದವಿಲ್ಲದ ವಲಸಿಗರ ಮಕ್ಕಳು. ಇಡೀ ಕೌಂಟಿಯಲ್ಲಿ ಇಂಥ ಸರಿಯಾಗಿ ತನಿಖೆಯಾಗದ ಲೈಂಗಿಕ ಅಪರಾಧದ ಪ್ರಕರಣಗಳು 400ಕ್ಕೂ ಹೆಚ್ಚು. ನೆಲ ಒರೆಸುವವರನ್ನು ಹಿಡಿಯಲು ನಡುರಾತ್ರಿ ಹೊರಡುವಷ್ಟು ಆಳು ಇದ್ದ ಕಚೇರಿಗೆ, ಹೆಸರು ಗೊತ್ತಿರುವ ಅತ್ಯಾಚಾರಿಯ ಮನೆ ಬಾಗಿಲು ತಟ್ಟಲು ಆಗಲಿಲ್ಲ. ಕಠಿಣ ಶೆರಿಫ್ ಎಂಬ ಮಾತನ್ನು ಯಾರಾದರೂ ಮೆಚ್ಚಿ ಆಡಿದಾಗಲೆಲ್ಲ ನಾನು ಈ ಸಂಗತಿಯನ್ನು ಹೇಳದೆ ಬಿಡುವುದಿಲ್ಲ.

ಇನ್ನು 'ಕಾಗದ ಸರಿಯಿದ್ದವರಿಗೆ ಏನು ತೊಂದರೆ' ಎಂಬುದು. ಈ ಪ್ರಶ್ನೆಗೆ ನನಗಿಂತ ಚೆನ್ನಾಗಿ ನ್ಯಾಯಾಲಯವೇ ಉತ್ತರ ಕೊಟ್ಟಿದೆ. ಮೆಲೆಂಡ್ರೆಸ್ ಪ್ರಕರಣ ಎಂದು ಹೆಸರಾದ ಮೊಕದ್ದಮೆ ಹೂಡಿದವರನ್ನು ನೋಡಿ. ಒಬ್ಬರು ಊರ್ಜಿತ ವೀಸಾ ಇದ್ದ ಮೆಕ್ಸಿಕೊ ಪ್ರಜೆ, 2007ರಲ್ಲಿ ಇನ್ನೊಬ್ಬರ ಕಾರಿನಲ್ಲಿ ಸುಮ್ಮನೆ ಕೂತಿದ್ದವರು, ಬಂಧನಕ್ಕೊಳಗಾದರು. ಇನ್ನೊಂದು ದಂಪತಿ ಅಮೆರಿಕದ ನಾಗರಿಕರೇ. ಮುಚ್ಚಿದ್ದ ರಸ್ತೆಯಲ್ಲಿ ಎಲ್ಲರಂತೆ ಬಂದ ಅವರಿಗೆ ಮಾತ್ರ ದಂಡದ ಚೀಟಿ, ಉಳಿದ ಕಾರುಗಳನ್ನು ಹಾಗೇ ಬಿಟ್ಟರು. ಮತ್ತೊಬ್ಬ ನಾಗರಿಕನನ್ನು ಅವನ ಮನೆಯವರದೇ ಕಾರು ರಿಪೇರಿ ಅಂಗಡಿಯ ಮುಂದೆ ಬಂದೂಕು ತೋರಿಸಿ ಕಾರಿನಿಂದ ಇಳಿಸಿದರು. ವಿಚಾರಣೆಯಲ್ಲಿ ಒಂದು ಪತ್ರವೂ ಹೊರಬಂತು. ಸನ್ ಸಿಟಿಯಲ್ಲಿ ಹೋಟೆಲ್ ಕೆಲಸದವರು ಸ್ಪ್ಯಾನಿಷ್ ಮಾತಾಡುತ್ತಾರೆ ಎಂದು ಯಾರೋ 2008ರ ಆಗಸ್ಟ್‌ನಲ್ಲಿ ಬರೆದಿದ್ದರು. ಅದರಲ್ಲಿ ಅಪರಾಧದ ಸುಳಿವೇ ಇರಲಿಲ್ಲ. ಅರ್ಪೈಯೊ ಅದನ್ನು ಕೆಳಗಿನ ಅಧಿಕಾರಿಗೆ ಕಳಿಸಿದರು, ಅದೇ ತಿಂಗಳು ಸನ್ ಸಿಟಿಯಲ್ಲಿ ಗಸ್ತು ನಡೆಯಿತು. ಸೂಪರ್‌ಮಾರ್ಕೆಟ್ಟಿನ ಸಾಲಿನಲ್ಲಿ ನಿಂತು ಮನೆಯವರ ಜೊತೆ ಕನ್ನಡದಲ್ಲಿ ಮಾತಾಡುವ ನನಗೂ ನಿಮಗೂ ಇದು ದೂರದ ಮಾತಲ್ಲ. ದೂರದಿಂದ ನೋಡುವವರಿಗೆ ನಮ್ಮ ಬಣ್ಣ ಕಾಣುತ್ತದೆ, ವೀಸಾ ಕಾಣುವುದಿಲ್ಲ.

2009ರಲ್ಲಿ ಕೇಂದ್ರ ಸರ್ಕಾರ ಬೀದಿಯಲ್ಲಿ ವಲಸಿಗರನ್ನು ಹಿಡಿಯುವ ಅಧಿಕಾರವನ್ನು ವಾಪಸು ಪಡೆಯಿತು. 2011ರ ಡಿಸೆಂಬರ್‌ನಲ್ಲಿ ಮೆಲೆಂಡ್ರೆಸ್ ಮೊಕದ್ದಮೆಯ ನ್ಯಾಯಾಧೀಶ ಮರ್ರಿ ಸ್ನೋ ಅಂಥ ಬಂಧನಗಳಿಗೆ ತಡೆಯಾಜ್ಞೆ ಕೊಟ್ಟರು. ಅದೇ ತಿಂಗಳು, ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಚಾಲಕರನ್ನು ತಡೆಯುವ ಸಾಧ್ಯತೆ ಇತರರಿಗಿಂತ ನಾಲ್ಕರಿಂದ ಒಂಬತ್ತು ಪಟ್ಟು ಹೆಚ್ಚು ಎಂದು ಕೇಂದ್ರದ ನ್ಯಾಯ ಇಲಾಖೆಯ ವರದಿ ಹೇಳಿತು. ತಡೆಯಾಜ್ಞೆ ಇದ್ದರೂ ಬಂಧನಗಳು ನಿಲ್ಲಲಿಲ್ಲ. 2013ರ ಮೇ ತಿಂಗಳಲ್ಲಿ, ಜನಾಂಗವನ್ನು ನೋಡಿ ಜನರನ್ನು ತಡೆದದ್ದು ಸಂವಿಧಾನಬಾಹಿರ ಎಂಬ ತೀರ್ಪು ಬಂತು. ಆಜ್ಞೆ ಮೀರಿದ್ದಕ್ಕೆ 2017ರ ಜುಲೈನಲ್ಲಿ ಇನ್ನೊಬ್ಬ ನ್ಯಾಯಾಧೀಶೆ ಸೂಸನ್ ಬೋಲ್ಟನ್, ಅರ್ಪೈಯೊರನ್ನು ಕ್ರಿಮಿನಲ್ ನ್ಯಾಯಾಂಗ ನಿಂದನೆಯಲ್ಲಿ ದೋಷಿ ಎಂದರು. ಶಿಕ್ಷೆ ಪ್ರಕಟವಾಗುವ ಮೊದಲೇ, ಆಗಸ್ಟ್‌ನಲ್ಲಿ, ಅಧ್ಯಕ್ಷ ಟ್ರಂಪ್ ಕ್ಷಮಾದಾನ ಕೊಟ್ಟರು.

ಇದನ್ನು ಎಡ-ಬಲದ ಜಗಳವೆಂದು ನೋಡುವವರು 2016ರ ನವೆಂಬರ್ ಫಲಿತಾಂಶವನ್ನು ಗಮನಿಸಬೇಕು. ಮಾರಿಕೋಪಾ ಕೌಂಟಿ ಅಂದು ಟ್ರಂಪ್‌ಗೆ ಎಲ್ಲರಿಗಿಂತ ಹೆಚ್ಚು ಓಟು ಕೊಟ್ಟಿತು, ಅದೇ ದಿನ ಅರ್ಪೈಯೊರನ್ನು ದೊಡ್ಡ ಅಂತರದಿಂದ ಸೋಲಿಸಿತು. ಗಡಿ ಬಿಗಿಯಾಗಬೇಕು ಎನ್ನುವ ನನ್ನ ನೆರೆಯವರೊಬ್ಬರು ಅಂದು ಅರ್ಪೈಯೊರ ಎದುರಾಳಿ ಪಾಲ್ ಪೆನ್ಜೋನ್‌ಗೆ ಓಟು ಹಾಕಿದ್ದರು. ಅವರು ಕೊಟ್ಟ ಕಾರಣ ತೆರಿಗೆ. ಮೊಕದ್ದಮೆಗಳಿಗೆ ಕೌಂಟಿ ಕೋಟಿಗಟ್ಟಲೆ ಡಾಲರ್ ಸುರಿಯುತ್ತಿತ್ತು, ಅದು ನಮ್ಮೆಲ್ಲರ ಆಸ್ತಿ ತೆರಿಗೆಯ ಹಣ. ಪೆನ್ಜೋನ್ ಮರುವರ್ಷವೇ ಟೆಂಟ್ ಸಿಟಿ ಮುಚ್ಚುವುದಾಗಿ ಘೋಷಿಸಿದರು. 2024ರಲ್ಲಿ ಗೆದ್ದ ಜೆರ್ರಿ ಶೆರಿಡನ್ ಮಾತ್ರ ಅರ್ಪೈಯೊಗೆ ಉಪಮುಖ್ಯಸ್ಥರಾಗಿದ್ದವರು, 2016ರಲ್ಲಿ ಅವರ ಜೊತೆಯೇ ಸಿವಿಲ್ ನ್ಯಾಯಾಂಗ ನಿಂದನೆಗೆ ಒಳಗಾದವರು. ಹಾಗಾಗಿ ಈ ಚರ್ಚೆ ಇಲ್ಲಿ ಮುಗಿದ ಅಧ್ಯಾಯವಲ್ಲ.

ನೀವು ಬರುವವರಿದ್ದೀರಿ, ಅದಕ್ಕೆ ಕೆಲವು ಮಾತು. ಫೀನಿಕ್ಸ್, ಚಾಂಡ್ಲರ್, ಟೆಂಪಿ, ಮೆಸಾ ನಗರಗಳಿಗೆ ಸ್ವಂತ ಪೊಲೀಸರಿದ್ದಾರೆ. ಶೆರಿಫ್ ಪಡೆ ಹೆಚ್ಚಾಗಿ ನಗರದ ಹೊರಗೆ, ಗುತ್ತಿಗೆ ಕೊಟ್ಟ ಸಣ್ಣ ಊರುಗಳಲ್ಲಿ ಸಿಗುತ್ತದೆ. ಬಂದ ತಕ್ಷಣ ಅರಿಜೋನಾದ ಡ್ರೈವಿಂಗ್ ಲೈಸೆನ್ಸ್ ಮಾಡಿಸಿ. ಎಸ್‌ಬಿ 1070 ಎಂಬ 2010ರ ಅರಿಜೋನಾ ವಲಸೆ ಕಾನೂನಿನಲ್ಲಿ ಕಾಗದ ಕೇಳುವ ಭಾಗ 2012ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರವೂ ಉಳಿದಿದೆ, ಆದರೆ ಈ ಲೈಸೆನ್ಸ್ ತೋರಿಸಿದವರು ಕಾನೂನುಬದ್ಧವಾಗಿ ಇದ್ದಾರೆಂದು ಅದೇ ಕಾನೂನು ಭಾವಿಸುತ್ತದೆ. 18 ತುಂಬಿದ ವಿದೇಶಿಯರು ನೋಂದಣಿ ದಾಖಲೆ ಜೊತೆಗಿಟ್ಟುಕೊಳ್ಳಬೇಕೆಂಬುದು ಹಳೆಯ ಕೇಂದ್ರ ಕಾನೂನು, ದೇಶದೊಳಗೆ ಬಂದದ್ದಕ್ಕೆ ಸಿಗುವ ಐ-94 ಎಂಬ ದಾಖಲೆ ಅದಕ್ಕೆ ಆಗುತ್ತದೆ, ಪ್ರತಿ ಇರಿಸಿಕೊಳ್ಳಿ. ಸ್ನೋ ಆದೇಶದ ಫಲವಾಗಿ ಶೆರಿಫ್‌ನ ಡೆಪ್ಯುಟಿಗಳು ಎದೆಯ ಮೇಲೆ ಕ್ಯಾಮೆರಾ ತೊಡುತ್ತಾರೆ, ನಿಮ್ಮ ಕಾರಿನ ಬಳಿ ಬರುವ ಮೊದಲೇ ತಡೆದ ಕಾರಣವನ್ನು ರೇಡಿಯೊದಲ್ಲಿ ತಿಳಿಸಬೇಕು. ತಡೆದರೆ ಕೈ ಸ್ಟೀರಿಂಗ್ ಮೇಲಿರಲಿ, ಯಾಕೆ ತಡೆದಿರಿ ಎಂದು ಸಮಾಧಾನದಿಂದ ಕೇಳಿ, ಅಧಿಕಾರಿಯ ಹೆಸರು ಮತ್ತು ಬ್ಯಾಡ್ಜ್ ಸಂಖ್ಯೆ ಬರೆದುಕೊಳ್ಳಿ. ಅನ್ಯಾಯವಾಯಿತು ಅನಿಸಿದರೆ ದೂರು ಕೊಡಲು ನಾಗರಿಕರೇ ಆಗಿರಬೇಕಿಲ್ಲ.